ಮಳೆಗಾಲದಲ್ಲಿ ಎಲೆಯ ಮೇಲೆ ಅಕ್ಷರ ಮೂಡಿಸಿದ್ದು

ಹೋದ ಆಗಸ್ಟ್‌ನಲ್ಲಿ ನನ್ನ ಹತ್ತನೇ ಕ್ಲಾಸಿನ 38 ಮಕ್ಕಳೂ ತಮ್ಮ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಅಲಸಂದೆ ಎಲೆಯ ಮೇಲೆ ನೀಲಿಯಾಗಿ ಮೂಡಿಸಿದರು. ಹೊರಗೆ ಹತ್ತು ದಿನದಿಂದ ಬಿಸಿಲಿನ ಸುಳಿವಿರಲಿಲ್ಲ, ನಡುವೆ ಎರಡು ದಿನ ಮಳೆ ರಜೆಯೂ ಆಗಿತ್ತು. "ಮಳೆಗಾಲದಲ್ಲಿ ಪಿಷ್ಟದ ಪ್ರಯೋಗ ಆಗಲ್ಲ ಮೇಡಂ, ಬೋರ್ಡಿನ ಮೇಲೆ ಚಿತ್ರ ಬರೆದುಬಿಡಿ" ಎಂದಿದ್ದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡೋಣ ಎಂದು ಕೂತಿದ್ದೇನೆ. ಪ್ರಯೋಗ ಇಷ್ಟೇ: ಗಿಡವನ್ನು ಕತ್ತಲೆಯಲ್ಲಿಟ್ಟು ಎಲೆಯ ಹಳೇ ಪಿಷ್ಟ ಖಾಲಿ ಮಾಡಿಸಿ, ಅಕ್ಷರ ಕತ್ತರಿಸಿದ ಹಾಳೆ ಎಲೆಗೆ ಕಟ್ಟಿ ಬೆಳಕಿಗಿಡಬೇಕು. ಬೆಳಕು ಬಿದ್ದ ಕಡೆ ಮಾತ್ರ ಎಲೆ ಹೊಸ ಪಿಷ್ಟ ಮಾಡುತ್ತದೆ. ಆಮೇಲೆ ಸ್ಪಿರಿಟ್ಟಿನಲ್ಲಿ ಎಲೆಯ ಹಸಿರು ತೆಗೆದು ಅಯೋಡಿನ್ ಹಾಕಿದರೆ ಪಿಷ್ಟವಿದ್ದ ಕಡೆ ನೀಲಿ ಬರುತ್ತದೆ.

ನಾನು ಹಿರಿಯೂರು ಕಡೆಯವಳು. ಅಲ್ಲಿ ಜುಲೈನಲ್ಲೂ ಈ ಪ್ರಯೋಗ ಕೈಕೊಡುವುದಿಲ್ಲ. ಮದುವೆಯಾಗಿ ತೀರ್ಥಹಳ್ಳಿ ತಾಲ್ಲೂಕಿಗೆ ಬಂದದ್ದು, ಇಲ್ಲಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದ್ದು ಎರಡೂ 2023ರಲ್ಲಿ. ಆ ವರ್ಷ ‘ಜೀವಕ್ರಿಯೆಗಳು’ ಪಾಠ ಬಂದಾಗ ಪುಸ್ತಕದಲ್ಲಿದ್ದ ಹಾಗೇ ಮಾಡಿದೆ. ಮನಿಪ್ಲಾಂಟ್ ಕುಂಡವನ್ನು ಮೂರು ದಿನ ಬೀರುವಿನಲ್ಲಿಟ್ಟು, ಆಮೇಲೆ ಆರು ಗಂಟೆ ಕಿಟಕಿಯ ಹತ್ತಿರ ಇಟ್ಟೆ. ಕಿಟಕಿಯಾಚೆ ಮಳೆ ಧೋ ಎಂದು ಹೊಯ್ಯುತ್ತಿತ್ತು. ಅಯೋಡಿನ್ ಹಾಕಿದರೆ ಎಲೆ ಚಹಾದ ಬಣ್ಣಕ್ಕೆ ತಿರುಗಿತು, ಅಷ್ಟೇ. "ನೀಲಿ ಬಂತು ಅಂತ ಬರ್ಕೊಳ್ಳಿ" ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಬರ್ಲಿಲ್ವಲ್ಲ ಮಿಸ್" ಎಂದಳು. ಅವಳ ಮಾತು ಆ ರಾತ್ರಿ ನಿದ್ದೆಗೊಡಲಿಲ್ಲ.

ಬಿಸಿಲಿಲ್ಲದಿದ್ದರೆ ಬಲ್ಬು ಎಂದು ಯಾರಿಗಾದರೂ ಹೊಳೆಯುತ್ತದೆ. ಹೊಳೆದ ಮೇಲೆ ಒಂದು ವರ್ಷ ದುಡ್ಡು ಕಳೆದೆ. 9 ವಾಟ್‌ನ ಎಲ್‌ಇಡಿ ಬಲ್ಬನ್ನು ಎರಡಡಿ ಮೇಲೆ ತೂಗುಬಿಟ್ಟೆ, ಏನೂ ಆಗಲಿಲ್ಲ. ಹಳೇ 100 ವಾಟ್‌ನ ಬುರುಡೆ ಬಲ್ಬು ಹತ್ತಿರ ತಂದೆ, ಎಲೆಯ ಅಂಚು ಸುಟ್ಟು ಕರಿಯಾಯಿತು. ಗಿಡವೂ ತಪ್ಪಾಗಿತ್ತು. ಮನಿಪ್ಲಾಂಟ್ ಎಲೆ ದಪ್ಪ, ಮೇಣದ ಪದರ ಬೇರೆ, ಸ್ಪಿರಿಟ್ಟಿನಲ್ಲಿ ಹಸಿರು ಬಿಡಲು ಸತಾಯಿಸುತ್ತದೆ. ಅಂಗಳದ ಕ್ರೋಟನ್ ಅದಕ್ಕಿಂತ ಹಟಮಾರಿ. ಒಮ್ಮೆ ಈರುಳ್ಳಿ ಎಲೆಯನ್ನೂ ನೋಡಿದೆ. ಅದು ಪಿಷ್ಟಕ್ಕಿಂತ ಸಕ್ಕರೆಯಾಗಿಯೇ ಕೂಡಿಡುವ ಗಿಡ, ನೀಲಿ ಬರಲೇ ಇಲ್ಲ. ಆದರೆ ಆ ವೈಫಲ್ಯವನ್ನು ಕ್ಲಾಸಿನಲ್ಲಿ ತೋರಿಸಿದ್ದು ಒಳ್ಳೇ ಪಾಠವಾಯಿತು.

ಗೌರವಧನ ತಿಂಗಳು ತಿಂಗಳು ಬರುವುದಿಲ್ಲ ಎಂಬುದು ನಮ್ಮಂಥವರಿಗೆಲ್ಲ ಗೊತ್ತಿದ್ದದ್ದೇ. ಮೂರು ತಿಂಗಳದ್ದು ಒಟ್ಟಿಗೆ ಬಂದದ್ದೂ ಉಂಟು. ಹಾಗಾಗಿ ಈ ಖರ್ಚೆಲ್ಲ ಇವರ ಜೇಬಿನಿಂದ. ಇವರು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಾರೆ, ಹತ್ತು ರೂಪಾಯಿಗೂ ಚೀಟಿ ಇಡುವವರು. ಆದರೂ ಒಮ್ಮೆಯೂ ಬೇಡ ಎನ್ನಲಿಲ್ಲ. ಅತ್ತೆ ಮಾತ್ರ, "ಅಲ್ಲ ಮಾರಾಯ್ತಿ, ಅಡುಗೆಮನೇಲಿ ಗಿಡಕ್ಕೆ ರಾತ್ರಿಯಿಡೀ ಲೈಟ್ ಹಾಕೂದು ಅಂದ್ರೆ ಎಂಥದು? ಗೃಹಜ್ಯೋತಿ ಲೆಕ್ಕ ದಾಟಿದ್ರೆ ಯಾರು ಕಟ್ತಾರೆ?" ಎಂದು ಕೇಳುತ್ತಿದ್ದರು. ಅವರ ಪ್ರಶ್ನೆ ನ್ಯಾಯವಾದದ್ದೇ, ಕೂತು ಲೆಕ್ಕ ಹಾಕಿ ತೋರಿಸಿದೆ. 20 ವಾಟ್‌ನ ಎರಡು ಟ್ಯೂಬ್, ಒಂದು ಸರದಿಗೆ 14 ಗಂಟೆ, ಎರಡು ಸರದಿ. ಎಲ್ಲಾ ಸೇರಿ ಒಂದು ಯೂನಿಟ್‌ಗಿಂತ ಚೂರು ಹೆಚ್ಚು.

ಕೊನೆಗೆ ಕೈಹಿಡಿದದ್ದು ಅಡುಗೆಮನೆಯ ಡಬ್ಬಿಯಲ್ಲಿದ್ದ ಅಲಸಂದೆ ಕಾಳು. ರಾತ್ರಿ ನೆನೆಹಾಕಿ ಮೊಸರಿನ ಕಪ್ಪುಗಳಲ್ಲಿ ಬಿತ್ತಿದರೆ ಎರಡು ವಾರದೊಳಗೆ ಅಗಲವಾದ ಜೋಡಿ ಎಲೆ. ತೆಳು, ಮೃದು, ಸ್ಪಿರಿಟ್ಟಿಗೆ ಹೇಳಿ ಮಾಡಿಸಿದ್ದು. ಜೋಡಿಯಲ್ಲಿ ಒಂದಕ್ಕೆ ಅಕ್ಷರ ಕಟ್ಟಬಹುದು, ಇನ್ನೊಂದನ್ನು ಹೋಲಿಸಲು ಹಾಗೇ ಬಿಡಬಹುದು. ಮೊದಲ ಸಲ ಜಗಲಿಯಲ್ಲಿಟ್ಟ ಕಪ್ಪುಗಳನ್ನು ಬಸವನಹುಳು ಒಂದೇ ರಾತ್ರಿಯಲ್ಲಿ ಬೋಳಿಸಿ ಹೋಯಿತು. ಅಟ್ಟದ ಕತ್ತಲೆಯಲ್ಲಿ ಇಟ್ಟಾಗ ಇಲಿ ಬಂತು. ಈಗ ಖಾಲಿ ಅಕ್ಕಿ ಡ್ರಮ್ಮಿನಲ್ಲಿ ಎರಡು ದಿನ ಇಡುತ್ತೇನೆ. ಅಲಸಂದೆಗೆ ಮೂರು ದಿನದ ಕತ್ತಲೆ ಬೇಕಿಲ್ಲ.

ಊಟದ ಬೆಂಚಿನ ಅಡಿಗೆ ಎರಡು ಟ್ಯೂಬ್ ಕಟ್ಟಿ, ಸುತ್ತ ಸಿಲ್ವರ್ ಫಾಯಿಲ್ ಇಳಿಬಿಟ್ಟು, ಕಪ್ಪುಗಳನ್ನು ಇಟ್ಟಿಗೆಯ ಮೇಲೆ ಎತ್ತಿ ಟ್ಯೂಬಿಗೆ ನಾಲ್ಕು ಬೆರಳು ಹತ್ತಿರ ತಂದೆ. ಅಂತರವೇ ಇಲ್ಲಿ ಎಲ್ಲಾ. ಒಂದು ಗೇಣು ದೂರವಾದರೆ ಬಣ್ಣ ಅರ್ಧಕ್ಕರ್ಧ ಪೇಲವ. ಮಳೆಯಲ್ಲಿ ಕರೆಂಟು ಹೋಗಿ ಎರಡು ಸರದಿ ಕೆಟ್ಟಿತು. ಆಮೇಲೆ ರಾತ್ರಿಗಳನ್ನು ಎಣಿಸುವುದು ಬಿಟ್ಟು ಗಂಟೆ ಎಣಿಸಿದೆ. ಕರೆಂಟು ಬಂದಾಗ, ಹೋದಾಗ ಇವರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು, ರಾತ್ರಿ ಎರಡು ಗಂಟೆಗೂ ಎದ್ದು. ಒಟ್ಟು 14 ಗಂಟೆ ತುಂಬಿದರೆ ಸಾಕು.

ಅಕ್ಷರ ಕತ್ತರಿಸುವುದು ಮಕ್ಕಳ ಕೆಲಸ. ನಮ್ಮ ಲಿಪಿಯ ಗುಂಡುತನ ಇಲ್ಲಿ ತೊಂದರೆ ಕೊಡುತ್ತದೆ. ‘ರ’ ಕತ್ತರಿಸಿದರೆ ಒಳಗಿನ ವೃತ್ತ ಉದುರಿಹೋಗುತ್ತದೆ. ಒಳಗಿನದನ್ನು ಹೊರಗಿನದಕ್ಕೆ ಹಿಡಿದಿಡಲು ನೂಲಿನಷ್ಟು ಸೇತುವೆ ಬಿಡಬೇಕೆಂದು ಹುಡುಗರೇ ಕಂಡುಕೊಂಡರು. ಕಪ್ಪು ಚಾರ್ಟ್ ಪೇಪರಿಗಿಂತ ಫಾಯಿಲ್ ಒಳ್ಳೆಯದು, ಆದರೆ ಎಲೆಗೂ ಫಾಯಿಲಿಗೂ ನಡುವೆ ಕೂದಲೆಳೆ ಸಂದು ಉಳಿದರೂ ಅಕ್ಷರ ಕದಡುತ್ತದೆ. ಎಲೆಗೆ ನೋವಾಗದಂತೆ ಅದನ್ನು ಒತ್ತಿ ಕೂರಿಸಲು ನಾನೊಂದು ಉಪಾಯ ಮಾಡಿಕೊಂಡಿದ್ದೇನೆ. ಅದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು, ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಬೆಳಿಗ್ಗೆ ಏಳಕ್ಕೆ ಎಲೆ ಕಿತ್ತು, ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಟಿಫಿನ್ ಡಬ್ಬಿಗೆ ಹಾಕಿದರೆ ಮುಗಿಯಿತು. ಕುದಿಸಿದ ಎಲೆಯಲ್ಲಿ ಪಿಷ್ಟ ಅಲ್ಲಿಗೇ ನಿಲ್ಲುತ್ತದೆ, ಬಸ್ಸು ತಡವಾದರೂ ಚಿಂತೆಯಿಲ್ಲ. ಮೊದಲ ಸರದಿಯ ಎಲೆಗಳು ಎರಡು ದಿನ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇದ್ದವು.

ಸ್ಪಿರಿಟ್ಟಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಮೊದಲ ವರ್ಷ ಮನೆಯ ಗ್ಯಾಸ್ ಒಲೆಯ ಮೇಲೆ ನೀರಿನ ಪಾತ್ರೆ, ಅದರೊಳಗೆ ಸ್ಪಿರಿಟ್ ಲೋಟ ಇಟ್ಟಿದ್ದೆ. ಆವಿಗೆ ಬೆಂಕಿ ಹತ್ತಿಕೊಂಡಿತು. ಅತ್ತೆ ಒದ್ದೆ ಗೋಣಿಚೀಲ ಎಸೆದು ಆರಿಸಿದರು. ನನ್ನ ಕೈ ಮೂರು ದಿನ ನಡುಗುತ್ತಿತ್ತು. ಅಂದಿನಿಂದ ನನ್ನ ಕ್ಲಾಸಿನಲ್ಲಿ ಈ ಪ್ರಯೋಗಕ್ಕೆ ಬೆಂಕಿಯೇ ಇಲ್ಲ. ಕುದಿನೀರನ್ನು ಫ್ಲಾಸ್ಕಿನಲ್ಲಿ ಒಯ್ಯುತ್ತೇನೆ. ಸ್ಟೀಲ್ ಲೋಟಕ್ಕೆ ಬಿಸಿನೀರು, ಅದರಲ್ಲಿ ಸ್ಪಿರಿಟ್ ಹಾಕಿದ ಪ್ರನಾಳ (ಟೆಸ್ಟ್ ಟ್ಯೂಬ್). ನಡುವೆ ಒಮ್ಮೆ ನೀರು ಬದಲಿಸಿದರೆ ಹತ್ತು ಹನ್ನೆರಡು ನಿಮಿಷದಲ್ಲಿ ಎಲೆ ಬಿಳಿಚಿಕೊಳ್ಳುತ್ತದೆ.

ಅಯೋಡಿನ್‌ಗೆ ಮೆಡಿಕಲ್ ಶಾಪಿನ ಗಾಯದ ಔಷಧಿ ಸಾಕು, ಪೊವಿಡೋನ್ ಅಯೋಡಿನ್. ಹತ್ತು ಪಾಲು ನೀರಿಗೆ ಒಂದು ಪಾಲು. ಗಟ್ಟಿಯಾದರೆ ಇಡೀ ಎಲೆ ಕಂದಾಗಿ ಅಕ್ಷರ ಮುಳುಗುತ್ತದೆ.

ಖರ್ಚು ನೆನಪಿದ್ದಷ್ಟು: ಟ್ಯೂಬ್ ಎರಡಕ್ಕೆ 500, ಫ್ಲಾಸ್ಕ್ 650, ಸ್ಪಿರಿಟ್ 250, ಅಯೋಡಿನ್ 90, ಫಾಯಿಲ್ 80. ಹತ್ತಿರ ಹತ್ತಿರ 1,600. ಕೆಟ್ಟ ಪ್ರಯೋಗಗಳಿಗೆ ಹೋದದ್ದು ಬೇರೆ 900 ಆಗಿರಬಹುದು. ಟ್ಯೂಬು, ಫ್ಲಾಸ್ಕು ಉಳಿದಿವೆ, ಈ ವರ್ಷ 400ರಲ್ಲಿ ಆಗುತ್ತದೆ.

ನಡುವೆ ಬಣ್ಣದ ಜಿಲೆಟಿನ್ ಪೇಪರ್ ಸುತ್ತಿಯೂ ನೋಡಿದೆ. ಕೆಂಪಿನಡಿ ನೀಲಿ ಚೆನ್ನಾಗಿ ಬಂತು, ಹಸಿರಿನಡಿ ತಿಳಿಯಾಗಿತ್ತು. ಒಂದೇ ಸಲ ಮಾಡಿದ್ದು, ಇನ್ನೂ ಮಾಡಬೇಕು.

ಆ ದಿನ ಮೊದಲು ಮೂಡಿದ್ದು ‘ಕ’. ಅಯೋಡಿನ್ ತಟ್ಟೆಯಲ್ಲಿ ಅದು ಮೆಲ್ಲಗೆ ಕಪ್ಪುನೀಲಿಗೆ ತಿರುಗುತ್ತಿದ್ದಾಗ ಕ್ಲಾಸಿನಲ್ಲಿ ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಆಮೇಲೆ ಎದ್ದ ಕೂಗಿಗೆ ಎಚ್ಎಂ ಸರ್ ಓಡಿಬಂದರು. 38ರಲ್ಲಿ 33 ಎಲೆ ಸ್ಪಷ್ಟ, ಐದು ಮಸುಕು. ನಮ್ಮ ಕಡೆ ಆಗಸ್ಟ್‌ನಲ್ಲಿ ಇಷ್ಟು ಎಲೆ ಒಟ್ಟಿಗೆ ನೀಲಿಯಾದದ್ದನ್ನು ಹಿಂದೆ ನೋಡಿದವರು ನನಗಂತೂ ಸಿಕ್ಕಿಲ್ಲ.

ಉಳಿದ ಒಂದು ಗಿಡಕ್ಕೆ ಅತ್ತೆಯ ಹೆಸರಿನ ‘ಸ’ ಕಟ್ಟಿದ್ದೆ. ಅವರು ಆ ಎಲೆಯನ್ನು ಪಂಚಾಂಗದ ಹಾಳೆಗಳ ನಡುವೆ ಒಣಗಿಸಿಟ್ಟರು. ವಾರವಾಗುವಷ್ಟರಲ್ಲಿ ನೀಲಿ ಮಾಸಿತೆಂದು ಬೇಜಾರು ಮಾಡಿಕೊಂಡು ತಂದು ತೋರಿಸಿದರು. ಎಲೆ ಒದ್ದೆ ಮಾಡಿ ಒಂದು ಹನಿ ಅಯೋಡಿನ್ ಬಿಟ್ಟೆ. ‘ಸ’ ಮತ್ತೆ ಎದ್ದುಬಂತು.