ಏಳಕ್ಕೊಂದು ಮನೆ, ಒಂದು ಚೀಟಿ ಭರಣಿ

ನಾಲ್ಕು ಅವಧಿ ಗೆದ್ದಿದ್ದ ಪಂಚಾಯತ್ ಸದಸ್ಯರನ್ನು 2020ರಲ್ಲಿ ನಾವು ಸೋಲಿಸಿದೆವು. ಬ್ರಹ್ಮಾವರ ತಾಲೂಕಿನಲ್ಲಿ, ಸೀತಾನದಿ ಬದಿಯ ವಾರ್ಡ್. ಹೆಚ್ಚುಕಡಿಮೆ 1,200 ಓಟು. "ಸರ್ವೆ ಮಾಡಿ ಪಂಚಾಯತ್ ಗೆಲ್ಲಲಿಕ್ಕೆ ಆಗ್ತದಾ ಮಾರಾಯ?" ಅಂದವರೇ ಈಗ ಆ ಸರ್ವೆಯ ಫಾರ್ಮ್ ಕೇಳುತ್ತಿದ್ದಾರೆ. ಅದಕ್ಕೇ ಬರೆದೆ.

2015ರಲ್ಲೂ ಪ್ರಯತ್ನ ಮಾಡಿದ್ದೆವು. ಫ್ಲೆಕ್ಸು, ಮೈಕ್ ಕಟ್ಟಿದ ಜೀಪು, ಹುಡುಗರ ಊಟ ಎಂದು 80 ಸಾವಿರ ಕೈಬಿಟ್ಟಿತು. ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಮುಂಚಿನ ಕೊನೆಯ ಆಟದಲ್ಲಿ 500 ಕರಪತ್ರ ಹಂಚಿದೆ. ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಗದ್ದೆಯಲ್ಲೇ ಬಿದ್ದಿತ್ತು. ಮನೆ ಮನೆ ಕೇಳಿದ ಲೆಕ್ಕದಲ್ಲಿ ನೂರಕ್ಕೆ ಅರವತ್ತು ನಮ್ಮದೇ. ಎಣಿಕೆಯಲ್ಲಿ ಸುಮಾರು 140 ಓಟಿನ ಸೋಲು. ಬಂದವರಿಗೆ ಬೆಲ್ಲ ನೀರು ಕೊಡುವ ಜನ ಎದುರಿಗೆ "ಇಲ್ಲ" ಅನ್ನುವುದಿಲ್ಲ. "ನಿಮ್ಗೇ ಮಾರಾಯ್ರೆ" ಅನ್ನುತ್ತಾರೆ.

ಹಾಗಾಗಿ 2019ರ ಬೇಸಿಗೆಯಲ್ಲಿ ನಾನೇ ಕೇಳಲು ಹೋಗಲಿಲ್ಲ. ಬೇರೆ ತಾಲೂಕಿನ ಇಬ್ಬರು ಡಿಗ್ರಿ ಹುಡುಗಿಯರನ್ನು ಕರೆಸಿದೆ. ದಿನಕ್ಕೆ 400 ರೂಪಾಯಿ, ಬಸ್ಸಿನ ದುಡ್ಡು ಬೇರೆ. ಏಳಕ್ಕೊಂದು ಮನೆ, ಒಟ್ಟು 43. ಮೊದಲ ಸುತ್ತು ಪೂರ್ತಿ ಹಾಳಾಯಿತು. ಬೀಗ ಇದ್ದರೆ ಪಕ್ಕದ ಮನೆ ಹಿಡಿದಿದ್ದರು. ಹಗಲು ಮನೆಯಲ್ಲಿ ಸಿಕ್ಕಿದ್ದು ಬೀಡಿ ಕಟ್ಟುವ ಹೆಂಗಸರು ಮಾತ್ರ. ಕೂಲಿಗೆ, ಬೋಟಿಗೆ ಹೋದ ಗಂಡಸರು ಲೆಕ್ಕಕ್ಕೇ ಬರಲಿಲ್ಲ. ಎರಡನೇ ಸಲ ಅದೇ ಮನೆಗೆ ಸಂಜೆ ಮತ್ತೆ ಕಳಿಸಿದೆ.

ಸುಮ್ನೆ ನೋಡುವ ಅಂತ ಒಂದು ಪ್ಲಾಸ್ಟಿಕ್ ಭರಣಿಯನ್ನೂ ಕೊಟ್ಟಿದ್ದೆ. ಬಾಯಲ್ಲಿ ಹೇಳಿದ ಮೇಲೆ ಚೀಟಿಯಲ್ಲಿ ಗುರುತು ಹಾಕಿ ಮಡಚಿ ಅದಕ್ಕೆ ಹಾಕಬೇಕು. ಬಾಯಲ್ಲಿ ಹಳೆ ಸದಸ್ಯರಿಗೆ ನೂರಕ್ಕೆ 55 ಬಂದರೆ ಭರಣಿಯಲ್ಲಿ 40 ಚಿಲ್ಲರೆ! ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಷ್ಟು ವರ್ಷ ನಾವು ಪ್ರೀತಿ ಅಂದುಕೊಂಡದ್ದು ಹೆದರಿಕೆ.

ಯಾವ ಹೆದರಿಕೆ? "ಯಾರಿಗೆ ಓಟು" ಎಂಬ ಪ್ರಶ್ನೆ ಬಿಟ್ಟೆವು. "ಹೋದ ವರ್ಷ ಪಂಚಾಯತ್ ಕೆಲಸಕ್ಕೆ ಯಾರಿಗೆ ಫೋನ್ ಮಾಡಿದಿರಿ?" ಎಂದು ಕೇಳಿಸಿದೆ. ಹತ್ತರಲ್ಲಿ ಏಳು ಮನೆಯವರು ಅವರಿಗೇ ಮಾಡಿದ್ದರು. ಅವರಿಲ್ಲದೆ ಮನೆ-ಜಾಗದ ದಾಖಲೆಯ 9/11 ನಮೂನೆ ಸಿಗುವುದಿಲ್ಲ, ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆ ಸಕ್ರಮ ಮಾಡುವ 94ಸಿ ಅರ್ಜಿ ಮುಂದೆ ಹೋಗುವುದಿಲ್ಲ ಎಂದೇ ಜನ ನಂಬಿದ್ದರು. ಬೇಸಿಗೆಯಲ್ಲಿ ಹೊಳೆಬದಿಯ ಬಾವಿಗಳಿಗೆ ಉಪ್ಪು ನೀರು ನುಗ್ಗುತ್ತದೆ. ಆಗ ಟ್ಯಾಂಕರ್ ಯಾವ ಮನೆ ಮುಂದೆ ನಿಲ್ಲಬೇಕು ಎಂದು ಹೇಳುವವರೂ ಅವರೇ.

ನಮ್ಮ ಅಭ್ಯರ್ಥಿ ಸ್ವಸಹಾಯ ಸಂಘದ ಲೆಕ್ಕ ನೋಡುತ್ತಿದ್ದ ಅಕ್ಕ. ಒಂದು ವರ್ಷ ಭಾಷಣವೇ ಇಲ್ಲ. ಅರ್ಜಿ ಬರೆಸಿ, ಜನರ ಜೊತೆ ಪಂಚಾಯತ್‌ಗೆ ಹೋಗಿ, ರಸೀದಿ ಅವರ ಕೈಗೇ ಕೊಡಿಸಿದರು. ಟ್ಯಾಂಕರ್ ಬಂದ ದಿನ, ಬಾರದ ದಿನ ನೋಟ್‌ಬುಕ್ಕಿಗೆ ಹೋಯಿತು. ಮೂವತ್ತು ಚಿಲ್ಲರೆ ಮನೆಯ ಕೆಲಸ ಆಯಿತು. ಅಷ್ಟು ಸಾಕಿತ್ತು. ಮಾತು ತಾನಾಗಿ ಹಬ್ಬಿತು.

ನಡುವೆ ತುಳುವಿನಲ್ಲಿ, ಕುಂದಾಪ್ರ ಕನ್ನಡದಲ್ಲಿ ಬೇರೆ ಬೇರೆ ವಾಟ್ಸಾಪ್ ಆಡಿಯೋ ಬಿಟ್ಟು ನೋಡಿದೆ. ಹಿರಿಯರು ಕೇಳಲೇ ಇಲ್ಲ. ಆದರೆ ಮುಂಬೈಯ ಮಗನ ಒಂದು ಫೋನ್ ಬಂದರೆ ಮನೆಯ ಓಟೇ ಬದಲಾಗುತ್ತಿತ್ತು. ಆ ವರ್ಷ ಕೊರೊನಾದಿಂದ ಹೋಟೆಲ್ ಕೆಲಸದ ಹುಡುಗರು ಊರಲ್ಲೇ ಇದ್ದರು. ಹಿಂದೆಲ್ಲ ಅವರನ್ನು ಬಸ್ಸು ಮಾಡಿ ಕರೆಸುತ್ತಿದ್ದದ್ದು ಎದುರಿನವರು. ಈ ಸಲ ಬಸ್ಸಿನ ಋಣ ಯಾರಿಗೂ ಇರಲಿಲ್ಲ.

ಕೊನೆಗೆ ಮತದಾರರ ಪಟ್ಟಿಯಲ್ಲಿ ಹೆಸರು ಹೆಸರಿಗೂ ಗುರುತು ಹಾಕಿ, ಅನುಮಾನದ 90 ಮನೆ ಆರಿಸಿಕೊಂಡೆವು. ಗಟ್ಟಿ ವಿರೋಧಿಗಳ ಮನೆಗೆ ಹೋಗಿ ಹೊತ್ತು ಕಳೆಯಲಿಲ್ಲ. ಆ 90 ಮನೆಗೆ ಅಕ್ಕ ಮೂರು ಸಲ ಹೋದರು. ಕೊನೆಯ ಎರಡು ರಾತ್ರಿ ಏನು ಮಾಡಿದೆವು ಎಂದು ಇಲ್ಲಿ ಹೇಳುವುದಿಲ್ಲ. ದುಡ್ಡು ಹಂಚಲಿಲ್ಲ, ಅಷ್ಟು ಹೇಳಬಲ್ಲೆ. ಒಟ್ಟು ಖರ್ಚು 31 ಸಾವಿರದ ಆಸುಪಾಸು.

ಡಿಸೆಂಬರ್ 22ಕ್ಕೆ ಮತದಾನ. 40ರಿಂದ 70ರ ಅಂತರದಲ್ಲಿ ಗೆಲ್ಲುತ್ತೇವೆ ಎಂದು ಚೀಟಿ ಬರೆದು ಅಕ್ಕನ ಗಂಡನ ಕೈಯಲ್ಲಿ ಕೊಟ್ಟಿದ್ದೆ. ಡಿಸೆಂಬರ್ 30ರ ಎಣಿಕೆಯಲ್ಲಿ ಬಂದದ್ದು 58. ಆ ಚೀಟಿ ಇನ್ನೂ ಅವರ ಹತ್ತಿರ ಇದೆ. ಪಕ್ಕದ ವಾರ್ಡಿನ ಹುಡುಗರಿಗೆ ಫಾರ್ಮ್ ಕೊಟ್ಟಿದ್ದೇನೆ. ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ ಎಂಬುದನ್ನು ಮಾತ್ರ ಕೊಟ್ಟಿಲ್ಲ.