ಗೇರ್ ಮುಟ್ಟದೆ ದೊಡ್ಡ ಟೈರ್: ಎಷ್ಟು ದೊಡ್ಡದು, ಹಾಕುವುದು ಹೇಗೆ?

ಆಫ್‌ರೋಡ್ ಗಾಡಿ ಕೊಂಡವರ ಕಣ್ಣು ಮೊದಲು ಬೀಳುವುದು ಟೈರಿನ ಮೇಲೆ. ಕಂಪನಿಯಿಂದ ಬಂದ ಟೈರು ಮಡ್‌ಗಾರ್ಡಿನ ಕಮಾನಿನಲ್ಲಿ ಯಾಕೋ ಚಿಕ್ಕದಾಗಿ ಕಾಣುತ್ತದೆ. ಮೊದಲ ಸಲ ಕಲ್ಲೊಂದು ಆಕ್ಸಲ್ ನಡುವೆ ಎರಡೂ ಚಕ್ರಗಳಿಗೆ ಎಳೆತ ಹಂಚುವ ಗೇರ್ ಪೆಟ್ಟಿಗೆಯಾದ ಡಿಫರೆನ್ಷಿಯಲ್‌ಗೆ ತಗುಲಿ ಕರ್ ಎಂದು ಸದ್ದಾದರೆ ಮುಗಿಯಿತು, ಅವತ್ತೇ ರಾತ್ರಿ ದೊಡ್ಡ ಟೈರಿನ ಹುಡುಕಾಟ ಶುರು.

ಈ ಆಸೆ ಬರೀ ಶೋಕಿ ಅಲ್ಲ. ಎತ್ತರದ ಸ್ಪ್ರಿಂಗ್ ಹಾಕಿದರೆ ಗಾಡಿಯ ಬಾಡಿ ಮೇಲೇರುತ್ತದೆ, ನಿಜ. ಆದರೆ ಸಾಲಿಡ್ ಆಕ್ಸಲ್ (ಎಡ ಬಲ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಅಚ್ಚು) ಇರುವ ಗಾಡಿಯಲ್ಲಿ ಡಿಫರೆನ್ಷಿಯಲ್ ಮಾತ್ರ ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತುವ ಸುಲಭದ ದಾರಿ ದೊಡ್ಡ ಟೈರು ಒಂದೇ.

ದೊಡ್ಡ ಟೈರು ಹಾಕಿದವರು ಕಳೆದುಹೋದ ಎಳೆತ ವಾಪಸ್ ಪಡೆಯಲು ಆಕ್ಸಲ್ ಒಳಗಿನ ಗೇರ್ ಜೋಡಿಯನ್ನು, ಅಂದರೆ ಕ್ರೌನ್ ವೀಲ್ ಮತ್ತು ಪಿನಿಯನ್ ಕೂಡ ಬದಲಿಸುವುದುಂಟು. ಫೋರ್‌ವೀಲ್ ಡ್ರೈವ್ ಗಾಡಿಯಲ್ಲಿ ಇದು ದೊಡ್ಡ ಕೆಲಸ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಎರಡನ್ನೂ ಬಿಚ್ಚಬೇಕು, ಎರಡಕ್ಕೂ ಒಂದೇ ಅನುಪಾತದ ಗೇರು ಕೂರಿಸಬೇಕು. ಇದಕ್ಕೆ ಕೈ ಹಾಕದೆ ಎಷ್ಟು ದೊಡ್ಡ ಟೈರಿಗೆ ಹೋಗಬಹುದು? ಎಲ್ಲರೂ ಕೇಳುವುದು ‘ಟೈರು ಕೂರುತ್ತದಾ’ ಎಂದು. ಅದು ಎರಡನೇ ಪ್ರಶ್ನೆ. ‘ಎಂಜಿನ್ ಎಳೆಯುತ್ತದಾ’ ಎಂಬುದು ಮೊದಲನೆಯದು.

ಮೊದಲು ಕಾಗದ, ಪೆನ್ನು

ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಕಂಪನಿ ಕೊಟ್ಟ ಟೈರಿನ ಅಳತೆ, ಗಾಳಿ ಎಷ್ಟಿರಬೇಕು ಎಂಬುದು ಅದರಲ್ಲಿದೆ. 265/65 ಆರ್17 ಎಂದಿದೆ ಅಂದುಕೊಳ್ಳಿ. 265 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಪಕ್ಕದ ಗೋಡೆಯ ಎತ್ತರ, ಅಗಲದ ಶೇ 65ರಷ್ಟು. 17 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ.

ಈಗ ಲೆಕ್ಕ. 265ರಲ್ಲಿ ಶೇ 65 ಎಂದರೆ 172.25 ಮಿ.ಮೀ. ರಿಮ್ಮಿನ ಮೇಲೊಂದು ಗೋಡೆ, ಕೆಳಗೊಂದು ಗೋಡೆ, ಒಟ್ಟು 344.5. ರಿಮ್ಮಿನ 17 ಇಂಚನ್ನು 25.4ರಿಂದ ಗುಣಿಸಿದರೆ 431.8. ಎರಡನ್ನೂ ಕೂಡಿಸಿ: 776.3 ಮಿ.ಮೀ. ಇದು ಟೈರಿನ ಪೂರ್ತಿ ಎತ್ತರ.

ಇದೇ ರಿಮ್ಮಿಗೆ 265/70 ಹಾಕಿದರೆ 802.8 ಮಿ.ಮೀ. ಆಗುತ್ತದೆ. ಅಂದರೆ ಶೇ 3.4 ಹೆಚ್ಚು. 285/70ಕ್ಕೆ ಹೋದರೆ 830.8, ಅಂದರೆ ಶೇ 7 ಹೆಚ್ಚು. ಗಾಡಿ ಮೇಲೇರುವುದು ಇದರ ಅರ್ಧ ಮಾತ್ರ ಎಂಬುದನ್ನು ಮರೆಯಬೇಡಿ. ಮೊದಲನೆಯದರಲ್ಲಿ ಸಿಗುವುದು 13 ಮಿ.ಮೀ., ಎರಡನೆಯದರಲ್ಲಿ 27 ಮಿ.ಮೀ. ಇಷ್ಟೆಲ್ಲ ಪಾಡು ಪಡುವುದು ಒಂದು ಹೆಬ್ಬೆರಳಿನ ಅಗಲಕ್ಕೆ! ಆದರೆ ಕಲ್ಲಿನ ದಾರಿಯಲ್ಲಿ ಆ ಹೆಬ್ಬೆರಳಿಗೆ ಬೆಲೆ ಇದೆ.

ಎಂಜಿನ್ ಕಡೆಯಿಂದ ನೋಡಿದರೆ

ದೊಡ್ಡ ಟೈರು ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ. ಸೈಕಲ್‌ನಲ್ಲಿ ಏರು ಹತ್ತುವಾಗ ಭಾರದ ಗೇರಿಗೆ ಹಾಕಿದ ಹಾಗೆ. ಶೇ 7ರಷ್ಟು ದೊಡ್ಡ ಟೈರು ಹಾಕಿದರೆ, ನೆಲವನ್ನು ತಳ್ಳುವ ಬಲ ಹೆಚ್ಚು ಕಡಿಮೆ ಅಷ್ಟೇ ಪ್ರಮಾಣದಲ್ಲಿ ಕುಸಿಯುತ್ತದೆ. ಆಕ್ಸಲ್ ಅನುಪಾತ 4.10 ಇದ್ದರೆ (ಚಕ್ರ ಒಂದು ಸುತ್ತು ಹಾಕಲು ಆಕ್ಸಲ್‌ಗೆ ಬರುವ ಶಾಫ್ಟ್ 4.10 ಸುತ್ತು ತಿರುಗಬೇಕು ಎಂದರ್ಥ), ಗಾಡಿ 3.83 ಇದ್ದಂತೆ ನಡೆದುಕೊಳ್ಳುತ್ತದೆ. ಯಾರೂ ಗೇರ್ ಮುಟ್ಟಿಲ್ಲ, ಆದರೂ ಗೇರ್ ಬದಲಾಗಿದೆ!

ಇಲ್ಲಿ ಒಂದು ವಿಚಿತ್ರ ಇದೆ. ಆಫ್‌ರೋಡಿಗಾಗಿ ದೊಡ್ಡ ಟೈರು ಹಾಕಿದರೂ ಅದರ ಹೊರೆ ಗೊತ್ತಾಗುವುದು ಆಫ್‌ರೋಡಿನಲ್ಲಲ್ಲ. ಲೋ ರೇಂಜ್ (ವೇಗ ಇಳಿಸಿ ಎಳೆತ ಹೆಚ್ಚಿಸುವ ಹೆಚ್ಚುವರಿ ಗೇರ್) ಇರುವ ಒಂದು ಗಾಡಿಯನ್ನು ಊಹಿಸಿಕೊಳ್ಳಿ. ಮೊದಲ ಗೇರ್ 4, ಲೋ ರೇಂಜ್ 2.5, ಆಕ್ಸಲ್ 4.1. ಗುಣಿಸಿದರೆ 41. ಎಂಜಿನ್ ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ, ಹಳೆಯ ಟೈರಿನಲ್ಲಿ ಗಾಡಿ ಗಂಟೆಗೆ ಸುಮಾರು 2.9 ಕಿ.ಮೀ. ವೇಗದಲ್ಲಿ ತೆವಳುತ್ತದೆ. 285/70 ಹಾಕಿದ ಮೇಲೆ 3.1 ಕಿ.ಮೀ. ಈ ವ್ಯತ್ಯಾಸ ಕಾಲಿಗೆ ತಿಳಿಯುವುದೇ ಇಲ್ಲ.

ತಿಳಿಯುವುದು ಟಾರು ರಸ್ತೆಯಲ್ಲಿ. ಸಾಮಾನು ತುಂಬಿಕೊಂಡು ಘಾಟಿ ಹತ್ತುವಾಗ, ಓವರ್‌ಟೇಕ್ ಮಾಡುವಾಗ, ಏರಿನಲ್ಲಿ ರಿವರ್ಸ್ ತೆಗೆಯುವಾಗ.

ಎತ್ತರದ ಜೊತೆ ತೂಕವೂ ಬರುತ್ತದೆ. ಎಲ್‌ಟಿ (ಲೈಟ್ ಟ್ರಕ್) ಎಂದು ಬರೆದಿರುವ ಗಟ್ಟಿ ಟೈರಿಗೆ ಹೋದರೆ ಒಂದೊಂದಕ್ಕೆ 5ರಿಂದ 8 ಕೆ.ಜಿ. ಜಾಸ್ತಿಯಾಗುವುದು ಸಾಮಾನ್ಯ. ಈ ಕಿಲೋ ಸೀಟಿನ ಮೇಲೆ ಕೂತ ಕಿಲೋ ಅಲ್ಲ, ತಿರುಗುವ ಕಿಲೋ. ಟೈರಿನ ಹೊರ ಅಂಚಿನಲ್ಲಿರುವ 1 ಕೆ.ಜಿ. ಭಾರವು ಗಾಡಿ ವೇಗ ಹೆಚ್ಚಿಸುವಾಗ 2 ಕೆ.ಜಿ.ಗೆ ಹತ್ತಿರದ ಹೊರೆಯಾಗುತ್ತದೆ. ಬ್ರೇಕಿಗೂ ಇದೇ ಕಷ್ಟ. ಪೆಡಲ್ ಅಷ್ಟೇ ಒತ್ತಿದರೆ ಗಾಡಿ ಮೊದಲಿಗಿಂತ ಮುಂದೆ ಹೋಗಿ ನಿಲ್ಲುತ್ತದೆ.

ಎಲ್ಲಿಗೆ ನಿಲ್ಲಿಸಬೇಕು?

ಇದು ನನ್ನ ಅಂದಾಜು, ಶಾಸನವಲ್ಲ. ಶೇ 3ರವರೆಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 3ರಿಂದ 5ರವರೆಗೆ ಹೆಚ್ಚಿನ ಗಾಡಿಗಳು ಸ್ವಲ್ಪ ಗೊಣಗಿ ಸುಮ್ಮನಾಗುತ್ತವೆ. 5ರಿಂದ 8 ಎಂದರೆ ಒಳ್ಳೆಯ ಟಾರ್ಕ್ (ತಿರುಗಿಸುವ ಬಲ) ಇರುವ ಡೀಸೆಲ್ ಎಂಜಿನ್ ಬೇಕು, ಇಲ್ಲವೇ ಹತ್ತಿರ ಹತ್ತಿರದ ಗೇರುಗಳಿರುವ ಆಟೊಮ್ಯಾಟಿಕ್ ಬೇಕು. ಶೇ 10 ದಾಟಿದರೆ ಗೇರ್ ಮುಟ್ಟದೆ ಇರುತ್ತೇನೆ ಎನ್ನುವುದು ಹಟ, ಅಷ್ಟೇ.

ಚಿಕ್ಕ ಎಂಜಿನ್ನಿನವರು ಇನ್ನೂ ಎಚ್ಚರವಾಗಿರಬೇಕು. ಸುಜುಕಿ ಜಿಮ್ನಿ 1.5 ಲೀಟರ್ ಗಾಡಿ, ಅದರ ಟೈರು 195/80 ಆರ್15. 215/75ಕ್ಕೆ ಹೋದರೆ ಹೆಚ್ಚುವುದು ಶೇ 1.5 ಮಾತ್ರ. 235/75ಕ್ಕೆ ಹೋದರೆ ಶೇ 5.8. ಅಳತೆಯ ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕದ ಹೆಸರುಗಳಂತೆ ಕಾಣುತ್ತವೆ. ಏರಿನಲ್ಲಿ ಹಾಗಿರುವುದಿಲ್ಲ.

ಗಾಡಿ ಮಾಡುವವರೇ ಏನು ಮಾಡುತ್ತಾರೆ ನೋಡಿ. ಜೀಪ್ ರ್‍ಯಾಂಗ್ಲರ್ ರುಬಿಕಾನ್‌ನಲ್ಲಿ 285/70 ಆರ್17 ಟೈರಿನ ಜೊತೆ 4.10 ಆಕ್ಸಲ್ ಇತ್ತು. 2021ರಲ್ಲಿ ಎಕ್ಸ್‌ಟ್ರೀಮ್ ರೀಕಾನ್ ಎಂಬ ಪ್ಯಾಕೇಜಿನಲ್ಲಿ 315/70 ಆರ್17 ಟೈರು ಕೊಟ್ಟಾಗ ಆಕ್ಸಲ್ ಅನ್ನು 4.56 ಮಾಡಿದರು. ಟೈರು ಹೆಚ್ಚಿದ್ದು ಶೇ 5, ಗೇರ್ ಬದಲಾಗಿದ್ದು ಶೇ 11. ಎತ್ತರದ ಲೆಕ್ಕಕ್ಕಷ್ಟೇ ಸರಿಮಾಡಿ ಅವರು ಸುಮ್ಮನಾಗಲಿಲ್ಲ.

ಎತ್ತರ ಇರಲಿ, ಅಗಲ ಬೇಡ

ಹೆಚ್ಚಿನವರು ತಪ್ಪುವುದು ಇಲ್ಲಿ. ದೊಡ್ಡದು ಎಂದರೆ ಅಗಲವೂ ಆಗಬೇಕು ಅಂದುಕೊಳ್ಳುತ್ತಾರೆ. 16 ಇಂಚಿನ ರಿಮ್ಮಿಗೆ 265/75 ಹಾಕಿದರೆ ಎತ್ತರ 803.9 ಮಿ.ಮೀ. ಅದೇ ರಿಮ್ಮಿಗೆ 235/85 ಹಾಕಿದರೆ 805.9. ಎತ್ತರ ಒಂದೇ, ಅಗಲ 30 ಮಿ.ಮೀ. ಕಡಿಮೆ. ಅಗಲ ಕಡಿಮೆಯಾದಷ್ಟೂ ಪಕ್ಕದ ಭಾಗಗಳಿಗೆ ಉಜ್ಜುವುದು ಕಡಿಮೆ, ಅದೇ ಬಗೆಯ ಟೈರಾದರೆ ತೂಕವೂ ಸಾಮಾನ್ಯವಾಗಿ ಕಡಿಮೆ. ಗೇರ್ ಬದಲಿಸದವರಿಗೆ ಇಂಥ ಸಪೂರ ಟೈರೇ ಗೆಳೆಯ. ನೋಡಲು ಅಷ್ಟು ದಪ್ಪನೆ ಕಾಣುವುದಿಲ್ಲ, ಒಪ್ಪುತ್ತೇನೆ.

ಕೊಳ್ಳುವ ಮುಂಚೆ ಇನ್ನೆರಡು ನೋಡಿ. ನಿಮ್ಮ ರಿಮ್ಮಿನ ಅಗಲಕ್ಕೆ ಆ ಟೈರು ಹೊಂದುತ್ತದಾ ಎಂದು ಟೈರು ಕಂಪನಿಯ ಪಟ್ಟಿಯಲ್ಲಿ ನೋಡಬೇಕು. ಲೋಡ್ ಇಂಡೆಕ್ಸ್ ಹಳೆಯ ಟೈರಿಗಿಂತ ಕಡಿಮೆ ಇರಕೂಡದು. 112 ಎಂದರೆ ಒಂದು ಟೈರು 1,120 ಕೆ.ಜಿ. ಹೊರುತ್ತದೆ ಎಂದರ್ಥ. ಎಲ್‌ಟಿ ಟೈರಿಗೆ ಅಷ್ಟೇ ಭಾರ ಹೊರಲು ಗಾಳಿ ಸ್ವಲ್ಪ ಜಾಸ್ತಿ ಬೇಕು. ಹಾಗಾಗಿ ಬಾಗಿಲಿನ ಸ್ಟಿಕ್ಕರಿನಲ್ಲಿರುವ ಗಾಳಿಯನ್ನೇ ಕಣ್ಣುಮುಚ್ಚಿ ಹಾಕಬೇಡಿ.

ನಿಮ್ಮಲ್ಲಿ ಎಷ್ಟು ಬದಲಾವಣೆಗೆ ಕಾನೂನಿನ ಒಪ್ಪಿಗೆ ಇದೆ, ವಿಮೆಯವರು ಏನು ಹೇಳುತ್ತಾರೆ ಎಂಬುದನ್ನೂ ಈಗಲೇ ಕೇಳಿಕೊಳ್ಳಿ.

ಎಲ್ಲಿ ಉಜ್ಜುತ್ತದೆ?

ಐದೂ ಟೈರನ್ನು ಒಟ್ಟಿಗೆ ಕೊಳ್ಳಬೇಡಿ. ಆ ಅಳತೆಯ ಒಂದು ಚಕ್ರವನ್ನು ಗೆಳೆಯರಿಂದ ಎರವಲು ತನ್ನಿ, ಇಲ್ಲವೇ ಅಂಗಡಿಯವರನ್ನು ಕೇಳಿ ಒಂದನ್ನು ಮಾತ್ರ ಮುಂದಿನ ಚಕ್ರಕ್ಕೆ ಹಾಕಿಸಿ ನೋಡಿ. ಹಿಂದಿನ ಚಕ್ರ ಸ್ಟೀರಿಂಗಿಗೆ ತಿರುಗುವುದಿಲ್ಲವಲ್ಲ, ತಕರಾರು ಏನಿದ್ದರೂ ಮುಂದೆಯೇ ಜಾಸ್ತಿ.

ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿ, ಇನ್ನೊಬ್ಬರು ಟಾರ್ಚ್ ಹಿಡಿದು ನೋಡಲಿ. ನೋಡಬೇಕಾದದ್ದು ಚಕ್ರದ ಹಿಂದಿನ ಪ್ಲಾಸ್ಟಿಕ್ ಲೈನರ್, ಮಡ್‌ಫ್ಲಾಪ್, ಬಾಡಿಯನ್ನು ಚಾಸಿಗೆ ಹಿಡಿದಿಡುವ ಮೌಂಟ್, ಒಳಗಡೆ ಸಸ್ಪೆನ್ಷನ್ನಿನ ಮೇಲಿನ ತೋಳು, ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸ್ವೇ ಬಾರ್.

ನಿಂತಲ್ಲಿ ತಗುಲಲಿಲ್ಲ ಎಂದು ಖುಷಿಪಡಬೇಡಿ. ಒಂದು ಮುಂದಿನ ಚಕ್ರವನ್ನು ದಿಬ್ಬದ ಮೇಲೆ ಹತ್ತಿಸಿ, ಸ್ಪ್ರಿಂಗ್ ಪೂರ್ತಿ ಒತ್ತಿಕೊಂಡಾಗ ಮತ್ತೆ ಎರಡೂ ಕಡೆ ತಿರುಗಿಸಿ. ಲೈನರಿನ ಒಳಗೋಡೆಗೆ ಸೀಮೆಸುಣ್ಣ ಬಳಿದು ಒಂದು ಸುತ್ತು ಹೋಗಿ ಬಂದರೆ ಇನ್ನೂ ಒಳ್ಳೆಯದು. ಎಲ್ಲಿ ಸುಣ್ಣ ಅಳಿಸಿದೆಯೋ ಅಲ್ಲಿ ಟೈರು ತಗುಲಿದೆ.

ರಿವರ್ಸ್‌ನಲ್ಲೂ ಇದನ್ನೇ ಮಾಡಿ. ನಾನು ಮಾಡಲಿಲ್ಲ. ಮುಂದಕ್ಕೆ ಎಲ್ಲ ಸರಿ ಇತ್ತು. ಒಂದು ಸಲ ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಂದಕ್ಕೆ ತೆಗೆದಾಗ ಟೈರು ಮಡ್‌ಫ್ಲಾಪನ್ನು ಹಿಡಿದು ಒಳಗೆಳೆದುಕೊಂಡಿತು. ಅದರ ಹಿಂದೆಯೇ ಅರ್ಧ ಲೈನರ್ ಬಂತು.

ಸ್ವಲ್ಪ ಉಜ್ಜಿದರೆ ಮದ್ದಿದೆ. ಮಡ್‌ಫ್ಲಾಪ್ ತೆಗೆಯಬಹುದು, ಹಿಂದಕ್ಕೆ ಸರಿಸಬಹುದು. ಲೈನರನ್ನು ಹೀಟ್ ಗನ್ನಿನಿಂದ ಬಿಸಿಮಾಡಿ ಒಳಕ್ಕೆ ತಳ್ಳಬಹುದು. ಬಾಡಿ ಮೌಂಟ್ ಕತ್ತರಿಸಬೇಕು ಎಂದು ಯಾರಾದರೂ ಹೇಳಿದರೆ ನನ್ನ ಮಾತು ಕೇಳಿ: ಒಂದು ಅಳತೆ ಕೆಳಗಿಳಿಯಿರಿ. ಸಸ್ಪೆನ್ಷನ್ ಎತ್ತರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ. ಗಾಡಿ ನಿಂತಾಗ ಜಾಗ ಕಾಣುತ್ತದೆ. ಆದರೆ ಬಂಪ್ ಸ್ಟಾಪ್ (ಚಕ್ರ ಮಿತಿ ಮೀರಿ ಮೇಲೇರದಂತೆ ತಡೆಯುವ ತುಂಡು) ಹಳೆಯದೇ ಇದ್ದರೆ, ಗುಂಡಿಗೆ ಬಿದ್ದಾಗ ಟೈರು ಮೊದಲಿನಷ್ಟೇ ಮೇಲೆ ಬರುತ್ತದೆ. ಚಕ್ರವನ್ನು ಹೊರಕ್ಕೆ ತಳ್ಳುವ ರಿಮ್ ಹಾಕಿದರೆ ಒಳಗಿನ ಉಜ್ಜಾಟ ನಿಲ್ಲುತ್ತದೆ, ಆದರೆ ತಿರುಗುವಾಗ ಟೈರಿನ ವೃತ್ತ ದೊಡ್ಡದಾಗಿ ಹೊರ ಅಂಚು ತಗುಲಲು ಶುರುವಾಗುತ್ತದೆ.

ಹಾಕುವ ದಿನ

ಇದು ಸುಲಭದ ಭಾಗ. ಸಮತಟ್ಟು ನೆಲ, ಹ್ಯಾಂಡ್ ಬ್ರೇಕ್, ಎದುರಿನ ಚಕ್ರಕ್ಕೆ ಕಲ್ಲು. ನಟ್ಟುಗಳನ್ನು ಜಾಕ್ ಏರಿಸುವ ಮುಂಚೆಯೇ ಸ್ವಲ್ಪ ಸಡಿಲಿಸಿ. ಹೊಸ ಚಕ್ರಕ್ಕೆ ನಟ್ಟು ಬಿಗಿಯುವಾಗ ಒಂದರ ನಂತರ ಎದುರಿನದು, ನಕ್ಷತ್ರ ಬಿಡಿಸಿದ ಹಾಗೆ. ಕೊನೆಯ ಬಿಗಿತ ಟಾರ್ಕ್ ರೆಂಚಿನಲ್ಲೇ, ಗಾಡಿಯ ಪುಸ್ತಕದಲ್ಲಿ ಹೇಳಿರುವಷ್ಟೇ. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಮಾಡಿಸಿ.

ಸ್ಟೆಪ್ನಿಯನ್ನು ಮರೆಯುವವರೇ ಜಾಸ್ತಿ. ಅದೂ ಹೊಸ ಅಳತೆಯದೇ ಆಗಬೇಕು. ಮೂರು ದೊಡ್ಡದು, ಒಂದು ಚಿಕ್ಕದು ಎಂದಾದರೆ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಪುರುಸೊತ್ತಿಲ್ಲದೆ ದುಡಿಯುತ್ತದೆ. ಸದಾ ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಂತೂ ನಡುವಿನ ಡಿಫರೆನ್ಷಿಯಲ್‌ಗೆ ಏಟು ಖಂಡಿತ. ಗಾಡಿಯ ಹೊಟ್ಟೆಯ ಕೆಳಗೆ ಸ್ಟೆಪ್ನಿ ಇಡುವ ಜಾಗದಲ್ಲಿ ದೊಡ್ಡ ಟೈರು ಹಿಡಿಯುತ್ತದಾ ಎಂದು ಕೊಳ್ಳುವ ಮುಂಚೆಯೇ ಅಳೆದುಕೊಳ್ಳಿ.

ಮೀಟರಿನ ಸುಳ್ಳು

ಸ್ಪೀಡೋಮೀಟರಿಗೆ ಟೈರು ಬದಲಾದದ್ದು ಗೊತ್ತಿಲ್ಲ. ಮೊದಲು ಸರಿಯಾಗಿ ತೋರಿಸುತ್ತಿದ್ದರೆ, ಶೇ 7 ದೊಡ್ಡ ಟೈರು ಹಾಕಿದ ಮೇಲೆ ಅದು 100 ತೋರಿಸುವಾಗ ಗಾಡಿ 107ರಲ್ಲಿರುತ್ತದೆ. ಹೆಚ್ಚಿನ ಮೀಟರುಗಳು ಮೊದಲೇ ಸ್ವಲ್ಪ ಜಾಸ್ತಿ ತೋರಿಸುವುದರಿಂದ, ಶೇ 3ರ ಬದಲಾವಣೆಯಲ್ಲಿ ಮೀಟರು ನಿಜಕ್ಕೆ ಹತ್ತಿರ ಬರುವುದೂ ಉಂಟು. ಅದಕ್ಕಿಂತ ಮುಂದೆ ಹೋದರೆ ಅಪಾಯ. ಅನೇಕ ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 39ನೇ ನಿಯಮದ ಪ್ರಕಾರ ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಮೊಬೈಲಿನ ಜಿಪಿಎಸ್ ಇಟ್ಟುಕೊಂಡು, ಪಕ್ಕದಲ್ಲಿ ಕೂತವರಿಗೆ ನೋಡಲು ಹೇಳಿ, ಎರಡು ಮೂರು ವೇಗಗಳಲ್ಲಿ ಹೋಲಿಸಿ. ಕೆಲವು ಗಾಡಿಗಳ ಕಂಪ್ಯೂಟರಿನಲ್ಲಿ ಟೈರಿನ ಅಳತೆ ತಿದ್ದಬಹುದು. ಆಟೊಮ್ಯಾಟಿಕ್ ಆಗಿದ್ದರೆ ತಿದ್ದಿಸುವುದೇ ಒಳ್ಳೆಯದು, ಗೇರ್ ಬದಲಾಗುವ ಹೊತ್ತು ಇದನ್ನೇ ನಂಬಿಕೊಂಡಿರುತ್ತದೆ.

ಓಡೋಮೀಟರಿಗೂ ಇದೇ ಕಥೆ. ಅದು 10,000 ಎಂದಾಗ ನೀವು 10,700 ಓಡಿಸಿರುತ್ತೀರಿ. ಸರ್ವಿಸ್ ತಡವಾಗುತ್ತದೆ. ಮೈಲೇಜ್ ಬಿತ್ತು ಎಂದು ಅಳುವವರು ಮೊದಲು 1.07ರಿಂದ ಗುಣಿಸಿ ನೋಡಿ. ಆಮೇಲೂ ಸ್ವಲ್ಪ ಬಿದ್ದೇ ಇರುತ್ತದೆ, ಅದು ಬೇರೆ ಮಾತು.

ಓಡಿಸುವ ರೀತಿ

ಗೇರ್ ಬದಲಿಸದ್ದಕ್ಕೆ ಬೆಲೆ ತೆರುವುದು ಬಲಗಾಲಲ್ಲ, ಗೇರಿನ ಕೈ. ಮೊದಲು ಐದರಲ್ಲಿ ಹತ್ತುತ್ತಿದ್ದ ಏರನ್ನು ಈಗ ನಾಲ್ಕರಲ್ಲಿ ಹತ್ತಿ. ಕಡಿದಾದ ಕಚ್ಚಾ ದಾರಿಯಲ್ಲಿ ಕ್ಲಚ್ ಅರ್ಧ ಒತ್ತಿ ಗಾಡಿ ಎಳೆಸುವ ಬದಲು ಬೇಗನೆ ಫೋರ್ ಲೋಗೆ, ಅಂದರೆ ಲೋ ರೇಂಜಿಗೆ ಹಾಕಿ. ಅದು ಇರುವುದೇ ಇದಕ್ಕೆ. ಇಳಿಜಾರಿನಲ್ಲಿ ಎಂಜಿನ್ ಹಿಡಿತವೂ ಕಡಿಮೆಯಾಗಿರುತ್ತದೆ, ಒಂದು ಗೇರ್ ಕೆಳಗೇ ಇಳಿಯಿರಿ.

ಮಣ್ಣು, ಮರಳಿನಲ್ಲಿ ಗಾಳಿ ಇಳಿಸುವುದನ್ನು ರೂಢಿ ಮಾಡಿಕೊಳ್ಳಿ. 18–20 ಪಿಎಸ್‌ಐಗೆ ಇಳಿಸಿದರೆ ಟೈರು ನೆಲಕ್ಕೆ ಉದ್ದವಾಗಿ ಅಂಟಿಕೊಳ್ಳುತ್ತದೆ. ಹಿಡಿತ ಸಿಗುವುದು ಎತ್ತರದಿಂದಲ್ಲ, ಇದರಿಂದ. ಇನ್ನೂ ತೀರಾ ಇಳಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಟಾರಿಗೆ ಬರುವ ಮುಂಚೆ ಮತ್ತೆ ತುಂಬಿಸಲೇಬೇಕು.

ಮೊದಲ ಒಂದೆರಡು ತಿಂಗಳು ಗಾಡಿಯ ಮಾತು ಕೇಳಿಸಿಕೊಳ್ಳಿ. ಸಣ್ಣ ಏರಿನಲ್ಲೂ ಆಟೊಮ್ಯಾಟಿಕ್ ಮೇಲೆ ಕೆಳಗೆ ಗೇರ್ ಹುಡುಕಾಡುತ್ತಿದೆಯಾ? ಕೊನೆಯ ಗೇರನ್ನು ನೀವು ಮುಟ್ಟುವುದೇ ಬಿಟ್ಟಿದ್ದೀರಾ? ಏರಿನಲ್ಲಿ ರಿವರ್ಸ್ ತೆಗೆದಾಗ ಕ್ಲಚ್ ಸುಟ್ಟ ವಾಸನೆ ಬರುತ್ತಿದೆಯಾ? ಎರಡಕ್ಕೆ ಹೌದು ಎಂದಾದರೆ ಒಂದು ಅಳತೆ ಜಾಸ್ತಿಯೇ ಆಗಿದೆ. ಹಳೆಯ ಟೈರುಗಳನ್ನು ಅಲ್ಲಿಯವರೆಗೆ ಮಾರಬೇಡಿ.