ನೀರು ಕೇಳದ ಕಾರು

ದೇವಿಮನೆ ಘಟ್ಟದ ತಿರುವೊಂದರಲ್ಲಿ ಎಂಜಿನ್ ಕಾದು, ನನ್ನ ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ಬದಿಗೆ ಹಾಕಿ ನಿಂತಿದ್ದೆ. ಹಿಂದೆ ಬಂದ ಲಾರಿಯ ಚಾಲಕರೊಬ್ಬರು ಕ್ಯಾನಿನಲ್ಲಿ ನೀರು ಹಿಡಿದು ಓಡಿ ಬಂದರು. ಮುಂದಿನ ಮುಚ್ಚಳ ಎತ್ತಿಸಿ ನೋಡಿದರೆ ಅಲ್ಲಿ ಸ್ಟೆಪ್ನಿ. ಹಿಂದೆ ಬಂದರೆ ಎಂಜಿನ್ ಇದೆ, ರೇಡಿಯೇಟರ್ ಇಲ್ಲ. ‘ಹಾಗಾದರೆ ಮೇಲೆಯೇ ಹೊಯ್ಯೋಣ’ ಎಂದು ಕ್ಯಾನ್ ಬಗ್ಗಿಸಿದರು. ನಾನು ಹಾರಿಬಿದ್ದು ಅವರ ಕೈ ಹಿಡಿದೆ. ಕಾದ ಸಿಲಿಂಡರಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಭಯ. ಪಾಪ, ಅವರಿಗೆ ಬೇಸರವಾಯಿತು.

ಕುಮಟಾದಿಂದ ಶಿರಸಿಗೆ ಮರಳುವಾಗ ಕಾದ ಎಣ್ಣೆಯ ವಾಸನೆ ಕಾರಿನೊಳಗೆ ತುಂಬಿತ್ತು. ಎಂಜಿನ್ ಐಡ್ಲಿಂಗಿಗೆ ಬಂದರೆ ಆಯಿಲ್ ಒತ್ತಡ ಕುಸಿದರೆ ಎಚ್ಚರಿಸುವ ದೀಪ ಮಿಣಮಿಣ ಎನ್ನುತ್ತಿತ್ತು. ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದರೆ ಬಿಸಿಗೆ ಬೆರಳಿನಲ್ಲಿ ಹಿಡಿಯಲಾಗಲಿಲ್ಲ. ಒಂದು ಗಂಟೆ ಆರಿಸಿ ಮನೆ ಸೇರಿದೆ.

ಕಾರು 1967ರದು, ಸುಮಾರು 1300 ಸಿಸಿ ಎಂಜಿನ್. ಇದರ ಕೂಲಿಂಗ್ ವ್ಯವಸ್ಥೆ ಎಂದರೆ ಒಂದು ಫ್ಯಾನ್, ಒಂದಿಷ್ಟು ತಗಡು, ಒಂದಿಷ್ಟು ರಬ್ಬರ್. ಡೈನಮೋದ ತುದಿಗೆ ಕೂತ ಫ್ಯಾನ್ ಗಾಳಿ ಎಳೆದು ದೊಡ್ಡ ತಗಡಿನ ಕವಚದೊಳಗೆ ತಳ್ಳುತ್ತದೆ. ಆ ಗಾಳಿ ನಾಲ್ಕು ಸಿಲಿಂಡರುಗಳ ಸುತ್ತ ಬಿಸಿ ಬಿಡಲೆಂದು ಇರುವ ತೆಳು ಲೋಹದ ರೆಕ್ಕೆಗಳ ಸಂದಿನಲ್ಲಿ ಹಾದು ಕೆಳಗೆ ಹೋಗುತ್ತದೆ. ಎಣ್ಣೆಯ ಕೂಲರ್ ಕೂಡ ಇದೇ ಕವಚದೊಳಗೆ ನೆಟ್ಟಗೆ ನಿಂತಿದೆ. ಮೂರನೆಯ ಸಿಲಿಂಡರ್ ಅದರ ಅಡಿಗೆ ಸಿಕ್ಕಿಕೊಂಡಿರುವುದರಿಂದ ಅದಕ್ಕೆ ಯಾವಾಗಲೂ ಕೂಲರಿನ ಎಂಜಲು ಗಾಳಿಯೇ. 1971ರ ಮಾಡೆಲ್‌ನಿಂದ ಕೂಲರಿಗೆ ಪ್ರತ್ಯೇಕ ಗೂಡು ಬಂತು. ನನ್ನದು ಅದಕ್ಕೂ ಮುಂಚಿನದು.

ಹಿಂದಿನ ಮುಚ್ಚಳ ತೆರೆದರೆ ಕಾಣುವುದು ಕವಚದ ಬೆನ್ನು ಮಾತ್ರ. ಗಾಳಿ ಎಳೆಯುವ ಬಾಯಿ ಆಚೆ ಬದಿಗಿದೆ. ಆದ್ದರಿಂದ ಎಂಜಿನ್ ಇಳಿಸದೆ ಗತಿಯಿರಲಿಲ್ಲ. ನಾಲ್ಕು ಬೋಲ್ಟು, ಕೆಲವು ತಂತಿ, ಒಂದು ಪೆಟ್ರೋಲ್ ಪೈಪು, ಕೇಬಲ್‌ಗಳು. ಹೇಳುವುದಕ್ಕೆ ಸುಲಭ. ನೂರು ಕಿಲೋ ಮೀರಿದ ಭಾರವನ್ನು ಅಡಿಕೆ ಒಣಗಿಸುವ ಅಂಗಳದಲ್ಲಿ ಜ್ಯಾಕ್ ಮೇಲೆ ಇಳಿಸುವಾಗ ನಾನೂ ತಮ್ಮನೂ ದೇವರನ್ನೆಲ್ಲ ನೆನೆದೆವು.

ಕವಚ ಎತ್ತಿದರೆ ಒಳಗೊಂದು ಸಂಸಾರ. ಅಡಿಕೆ ಸಿಪ್ಪೆಯ ನಾರು, ಗೋಣಿಯ ಎಳೆ, ನನ್ನದೇ ಹಳೆಯ ಕೈವಸ್ತ್ರದ ಚೂರು, ಎಲ್ಲ ಸೇರಿಸಿ ಇಲಿ ಕಟ್ಟಿದ ಗೂಡು ಮೂರನೆಯ ಸಿಲಿಂಡರಿನ ಮೇಲೆಯೇ ಬೆಚ್ಚಗೆ ಕೂತಿತ್ತು. ಕೂಲರಿನ ಸಂದುಗಳಲ್ಲಿ ಕಣಜದ ಮಣ್ಣಿನ ಗೂಡುಗಳು. ಮಳೆಗಾಲದ ನಾಲ್ಕು ತಿಂಗಳು ಕಾರನ್ನು ಕೊಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸಿದ್ದರ ಫಲ.

ಇಲಿಯನ್ನಾದರೂ ಕ್ಷಮಿಸಬಹುದು. ನನಗೆ ಸಿಟ್ಟು ಬಂದದ್ದು ಹಿಂದೆ ಈ ಎಂಜಿನ್ ಬಿಚ್ಚಿದ ಪುಣ್ಯಾತ್ಮರ ಮೇಲೆ. ‘ನಮ್ಮ ಸೆಕೆಗೆ ಇದೆಲ್ಲ ಯಾಕೆ’ ಎಂಬ ತರ್ಕದಲ್ಲಿ ಅವರು ಬಿಸಿಗೆ ತಕ್ಕಂತೆ ಗಾಳಿಯ ಕದ ತೆರೆಯುವ ಥರ್ಮೋಸ್ಟಾಟನ್ನು ಕಿತ್ತು ಹಾಕಿದ್ದರು. ಸಿಲಿಂಡರುಗಳ ಅಡಿಯಲ್ಲಿ ಇರಬೇಕಾದ ಸಣ್ಣ ಬಾಗು ತಗಡುಗಳೂ ಇರಲಿಲ್ಲ. ನೋಡಲು ಅವು ಕಸದಂತೆಯೇ ಇರುತ್ತವೆ, ನಿಜ. ಆದರೆ ಮೇಲಿನಿಂದ ಬಂದ ಗಾಳಿ ಸಿಲಿಂಡರನ್ನು ಸುತ್ತಿ ಅಡಿಯ ರೆಕ್ಕೆಗಳನ್ನೂ ಮುಟ್ಟುವಂತೆ ಮಾಡುವುದು ಆ ತಗಡುಗಳೇ. ಅವಿಲ್ಲದಿದ್ದರೆ ಗಾಳಿ ಹತ್ತಿರದ ದಾರಿ ಹಿಡಿದು ನೆಲಕ್ಕೆ ಹೋಗಿಬಿಡುತ್ತದೆ. ಸ್ಪಾರ್ಕ್ ಪ್ಲಗ್ಗಿನ ತಂತಿ ಇಳಿಯುವ ತೂತುಗಳ ರಬ್ಬರ್ ಟೋಪಿ ಎರಡು ಕಡೆ ಮಾಯವಾಗಿತ್ತು, ಅಲ್ಲಿಂದಲೂ ಸೋರಿಕೆ. ಎಂಜಿನ್ನಿನ ಸುತ್ತಲಿನ ರಬ್ಬರ್ ಪಟ್ಟಿ ಪುಡಿಯಾಗಿತ್ತು. ಆ ಪಟ್ಟಿ ಮೇಲಿನ ತಣ್ಣನೆ ಗಾಳಿಯನ್ನೂ ಕೆಳಗಿನ ಸೈಲೆನ್ಸರಿನ ಬಿಸಿ ಗಾಳಿಯನ್ನೂ ಬೇರೆ ಇಡುವ ಗೋಡೆ. ಗೋಡೆ ಬಿದ್ದ ಮೇಲೆ ಫ್ಯಾನ್ ತಾನು ಉಗುಳಿದ ಬಿಸಿಯನ್ನೇ ಮತ್ತೆ ನುಂಗುತ್ತಿತ್ತು.

ಸೀಮೆಎಣ್ಣೆ, ಬ್ರಷ್ಷು, ಬಿದಿರಿನ ಕಡ್ಡಿ ಹಿಡಿದು ಎರಡು ದಿನ ರೆಕ್ಕೆ ತಿಕ್ಕಿದೆ. ಬಾಗು ತಗಡನ್ನು ರಟ್ಟಿನ ಅಚ್ಚು ಮಾಡಿ ನಾನೇ ಕತ್ತರಿಸಲು ಹೋದೆ. ಒಂದು ಕೂರಲಿಲ್ಲ, ಇನ್ನೊಂದು ಕೂತರೂ ಪುಶ್‌ರಾಡ್ (ವಾಲ್ವ್ ತೆರೆಸುವ ಸರಳು) ಕೊಳವೆಗೆ ತಗುಲಿ ಗಲಗಲ ಎಂದಿತು. ಕೊನೆಗೆ ಬಿಡಿಭಾಗವನ್ನು ಅಂಚೆಯಲ್ಲೇ ತರಿಸಿದೆ. ಮೆಕ್ಸಿಕೋದಲ್ಲಿ 2003ರವರೆಗೂ ಈ ಕಾರು ತಯಾರಾಗುತ್ತಿದ್ದುದರಿಂದ ಭಾಗಗಳಿಗೆ ಬರವಿಲ್ಲ, ದುಡ್ಡಿಗೆ ಮಾತ್ರ.

ಥರ್ಮೋಸ್ಟಾಟ್ ಎಂದರೆ ಹಾರ್ಮೋನಿಯಂ ತಿದಿಯಂಥ ಪುಟ್ಟ ಹಿತ್ತಾಳೆಯ ಡಬ್ಬಿ. ಬಿಸಿಯಾದಾಗ ಉದ್ದವಾಗಿ ಕವಚದ ಕದಗಳನ್ನು ತೆರೆಯುತ್ತದೆ. ಹಾಕುವ ಮೊದಲು ಬಚ್ಚಲ ಹಂಡೆಯ ಬಿಸಿನೀರನ್ನು ಪಾತ್ರೆಗೆ ಬಗ್ಗಿಸಿ ಪರೀಕ್ಷಿಸಿದೆ: 65–70 ಡಿಗ್ರಿಯಲ್ಲಿ ಕನಿಷ್ಠ 46 ಮಿಲಿಮೀಟರ್ ಚಾಚಬೇಕು, ಚಾಚಿತು. ತೂತು ಬಿದ್ದ ತಿದಿ ತಣ್ಣಗಿದ್ದಾಗಲೂ ಉದ್ದವಾಗಿಯೇ ಇರುತ್ತದೆ. ಅಂದರೆ ಕೆಟ್ಟರೂ ಕದ ತೆರೆದೇ ಇರುವಂತೆ ಮಾಡಿದ್ದಾರೆ. ಮತ್ತೆ ಇದನ್ನು ಕೀಳುವುದೇಕೆ? ಶಿರಸಿಯ ಜುಲೈ ಮುಂಜಾನೆಯಲ್ಲಿ ಇದಿಲ್ಲದೆ ಎಂಜಿನ್ ಬೇಗ ಕಾಯುವುದಿಲ್ಲ. ಸರಿಯಾಗಿ ಕಾಯದ ಎಂಜಿನ್ನಿನ ತೇವ ಎಣ್ಣೆಗೆ ಬೆರೆತು, ಎಣ್ಣೆ ತುಂಬುವ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ನೊರೆ ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಬೆಲ್ಟ್ ಬಿಗಿಗೊಳಿಸುವ ರೀತಿ ಬೇರೆ ಕಾರುಗಳಂತಲ್ಲ. ಡೈನಮೋದ ಪುಲ್ಲಿ ಎರಡು ಹೋಳು. ನಡುವೆ ತೆಳು ಬಿಲ್ಲೆಗಳಿವೆ. ಬಿಲ್ಲೆ ತೆಗೆದರೆ ಬೆಲ್ಟ್ ಬಿಗಿಯಾಗುತ್ತದೆ, ಸೇರಿಸಿದರೆ ಸಡಿಲವಾಗುತ್ತದೆ. ತೆಗೆದದ್ದನ್ನು ಜೇಬಿಗೆ ಹಾಕಬಾರದು. ನಟ್ಟಿನ ಅಡಿಯಲ್ಲಿ ಹೊರಗಡೆ ಇಡಬೇಕು. ಹೆಬ್ಬೆರಳಿನಲ್ಲಿ ಒತ್ತಿದರೆ ಸುಮಾರು 15 ಮಿಲಿಮೀಟರ್ ಬಗ್ಗಿದರೆ ಸರಿ. ಇದೇ ಬೆಲ್ಟ್ ಫ್ಯಾನನ್ನೂ ತಿರುಗಿಸುವುದರಿಂದ, ಓಡುವಾಗ ಡೈನಮೋದ ಕೆಂಪು ದೀಪ ಹೊತ್ತಿದರೆ ಮುಂದಿನ ಊರಿನವರೆಗೆ ಹೋಗೋಣ ಎನ್ನುವಂತಿಲ್ಲ, ಅಲ್ಲೇ ನಿಲ್ಲಿಸಬೇಕು. ಆಯಿಲ್ ಎರಡೂವರೆ ಲೀಟರ್, 5,000 ಕಿಲೋಮೀಟರಿಗೊಮ್ಮೆ ಬದಲು. ಕಾಗದದ ಫಿಲ್ಟರ್ ಇಲ್ಲ, ಜಾಲರಿ ಮಾತ್ರ. ಅದೇ ಹೊತ್ತಿಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದನ್ನು 0.15 ಮಿಲಿಮೀಟರಿಗೆ ಹೊಂದಿಸುತ್ತೇನೆ. ಮೂರನೆಯ ಸಿಲಿಂಡರಿನದನ್ನು ಎರಡು ಸಲ ನೋಡುತ್ತೇನೆ.

ತಪ್ಪು ನನ್ನದೂ ಇತ್ತು. ಪೆಟ್ರೋಲ್ ಉಳಿಸುವ ಆಸೆಗೆ ಘಟ್ಟವನ್ನು ಮೂರನೆಯ ಗೇರಿನಲ್ಲಿ ಎಳೆಸುತ್ತಿದ್ದೆ. ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಹೊರೆ ಹೆಚ್ಚಿದಷ್ಟೂ ಗಾಳಿ ಕಡಿಮೆ. ಈಗ ಎರಡನೆಯ ಗೇರಿನಲ್ಲಿ ಗದ್ದಲ ಮಾಡುತ್ತಲೇ ಹತ್ತುತ್ತೇನೆ. ಡಿಸೆಂಬರಿನಿಂದ ನಾಲ್ಕು ಸಲ ಕುಮಟಾಕ್ಕೆ ಹೋಗಿ ಬಂದೆ, ದೀಪ ಮಿಣುಕಲಿಲ್ಲ.

ಇಲಿಗೆಂದು ಕವಚದ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿದ್ದೆ. ವಾರದಲ್ಲೇ ಅದರ ಮೇಲೆ ಕೆಂಪು ಧೂಳು ಮೆತ್ತಿ ಗಾಳಿಯನ್ನೇ ತಡೆಯಿತು; ಕಿತ್ತು ಎಸೆದೆ. ಈಗ ಕಾರಿನಡಿ ಸುಟ್ಟ ಕೊಬ್ಬರಿ ಚೂರಿಟ್ಟ ಬೋನು ಇದೆ. ಈವರೆಗೆ ಬಿದ್ದದ್ದು ಎರಡು.